ಹೆಡ್ ಗ್ಯಾಸ್ಕೆಟ್ ಬದಲಿಸಿದ ಹಳೆಯ ಸಂಚಾರಿ ಮನೆಯ ಎಂಜಿನ್: ದೂರ ಹೊರಡುವ ಮೊದಲು ಏನನ್ನು ನೋಡಬೇಕು?

ಪ್ರಶ್ನೆ: ನಮ್ಮದು 1994ರ ಟೆಂಪೊ ಟ್ರಾವೆಲರ್. ಸೀಟುಗಳನ್ನು ತೆಗೆಸಿ, ಮಂಚ, ಸಣ್ಣ ಅಡುಗೆಕಟ್ಟೆ, 100 ಲೀಟರಿನ ನೀರಿನ ಟ್ಯಾಂಕು ಕೂರಿಸಿ ಸಂಚಾರಿ ಮನೆ ಮಾಡಿಕೊಂಡಿದ್ದೇವೆ. ಬೇಸಿಗೆಯಲ್ಲಿ ಜೇವರ್ಗಿ ಕಡೆಯಿಂದ ಬರುವಾಗ ಎಂಜಿನ್ ಹೀಟ್ ಆಗಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಯಿತು. ಕಲಬುರಗಿಯಲ್ಲಿ ಹೆಡ್ ಇಳಿಸಿ, ಫೇಸಿಂಗ್ ಮಾಡಿಸಿ (ಹೆಡ್ಡಿನ ತಳವನ್ನು ಯಂತ್ರದಲ್ಲಿ ಸಮತಟ್ಟು ಮಾಡಿಸಿ), ಹೆಡ್, ಟ್ಯಾಪೆಟ್ ಕವರ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ಗಳನ್ನೆಲ್ಲ ಹೊಸದಾಗಿ ಹಾಕಿಸಿದೆವು. ಸದ್ದು ಚೆನ್ನಾಗಿದೆ. ಆದರೆ ಮೊದಲೆರಡು ದಿನ ನೀರು ಸ್ವಲ್ಪ ಇಳಿಯಿತು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬರುತ್ತದೆ. ಇನ್ನು ಹೀಟ್ ಆಗದಿರಲಿ ಎಂದು ಥರ್ಮೋಸ್ಟ್ಯಾಟ್ ತೆಗೆದಿದ್ದಾರೆ. 500 ಕಿಲೋಮೀಟರ್ ಆದ ಮೇಲೆ ಹೆಡ್ ಬೋಲ್ಟ್‌ಗಳನ್ನು ಮತ್ತೆ ಟೈಟ್ ಮಾಡಬೇಕೆಂದು ಒಬ್ಬ ಮಿಸ್ತ್ರಿ, ಮುಟ್ಟಲೇಬಾರದೆಂದು ಇನ್ನೊಬ್ಬ ಮಿಸ್ತ್ರಿ ಹೇಳುತ್ತಾರೆ. ಮನೆಮಂದಿಯನ್ನು ಕರೆದುಕೊಂಡು ದೂರ ಹೋಗುವ ಮೊದಲು ಏನೇನು ಪರೀಕ್ಷಿಸಬೇಕು? (ಓದುಗರು, ಶಹಾಬಾದ್)

ಉತ್ತರ: ಮೊದಲು ಥರ್ಮೋಸ್ಟ್ಯಾಟನ್ನು ಮರಳಿ ಹಾಕಿಸಿ. ಉಳಿದ ಪರೀಕ್ಷೆಗಳೆಲ್ಲ ಅದಾದ ಮೇಲೆಯೇ, ಏಕೆಂದರೆ ಅದಿಲ್ಲದ ಎಂಜಿನ್ನಿನಲ್ಲಿ ನೀವು ಏನನ್ನು ಅಳೆದರೂ ಆ ಅಳತೆಯನ್ನು ನಂಬುವಂತಿಲ್ಲ.

ನಿಮ್ಮ ಗಾಡಿಯಲ್ಲಿರುವುದು ಆ ಕಾಲದ ಟ್ರಾವೆಲರ್ ಮತ್ತು ಟ್ರ್ಯಾಕ್ಸ್‌ಗಳಲ್ಲಿ ಬರುತ್ತಿದ್ದ, ಮರ್ಸಿಡಿಸ್‌ನ ಓಎಂ 616 ವಿನ್ಯಾಸದ, ನಾಲ್ಕು ಸಿಲಿಂಡರಿನ 2.4 ಲೀಟರ್ ಡೀಸೆಲ್ ಎಂಜಿನ್ ಎಂದುಕೊಂಡು ಉತ್ತರಿಸುತ್ತಿದ್ದೇನೆ. ಈ ಎಂಜಿನ್ನಿನ ಥರ್ಮೋಸ್ಟ್ಯಾಟ್‌ಗೆ ಎರಡು ಕೆಲಸಗಳಿವೆ. ಎಂಜಿನ್ ತಣ್ಣಗಿರುವಾಗ ಅದು ರೇಡಿಯೇಟರಿನ ದಾರಿಯನ್ನು ಮುಚ್ಚಿ, ನೀರನ್ನು ಬೈಪಾಸ್ ಮೂಲಕ ಎಂಜಿನ್ನಿನೊಳಗೇ ಸುತ್ತಿಸುತ್ತದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ರೇಡಿಯೇಟರಿನ ದಾರಿಯನ್ನು ತೆರೆಯುತ್ತ ಬಂದಂತೆ ಬೈಪಾಸನ್ನು ಮುಚ್ಚುತ್ತದೆ. ಅದನ್ನು ಕಿತ್ತುಹಾಕಿದರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆಯೇ ನೇರವಾಗಿ ಎಂಜಿನ್ನಿಗೆ ಮರಳುತ್ತದೆ. ಖಾಲಿ ಗಾಡಿ ಊರೊಳಗೆ ಓಡಾಡುವಾಗ ಇದರಿಂದ ತೊಂದರೆ ಕಾಣುವುದಿಲ್ಲ. ತುಂಬಿದ ಟ್ಯಾಂಕಿನೊಂದಿಗೆ, ಏಪ್ರಿಲ್ ಬಿಸಿಲಿನಲ್ಲಿ, ಏರು ರಸ್ತೆಯಲ್ಲಿ ಅದೇ ಎಂಜಿನ್ ಮೊದಲಿಗಿಂತ ಬೇಗ ಹೀಟ್ ಆಗಬಹುದು. ನಮ್ಮ ಭಾಗದಲ್ಲಿ ಈ ರೂಢಿ ಎಷ್ಟು ಬೇರೂರಿದೆಯೆಂದರೆ, ಒಳ್ಳೆಯ ಕೈಯಿರುವ ಮಿಸ್ತ್ರಿಗಳೂ ಗ್ರಾಹಕರಿಗೆ ಉಪಕಾರವೆಂದೇ ಇದನ್ನು ಮಾಡುತ್ತಾರೆ. ಹೊಸ ಥರ್ಮೋಸ್ಟ್ಯಾಟ್ ತಂದಾಗ ಅದನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ಕಾಯಿಸಿ ನೋಡಿ. 80ರ ಆಸುಪಾಸಿನಲ್ಲಿ ಬಾಯಿ ಬಿಡಲಾರಂಭಿಸಬೇಕು, ತಣ್ಣಗಾದಾಗ ಪೂರ್ತಿ ಮುಚ್ಚಬೇಕು.

ಎರಡನೆಯ ಮಾತು, ಗ್ಯಾಸ್ಕೆಟ್ ಏಕೆ ಹೋಯಿತು ಎಂಬುದು. ಸಾಮಾನ್ಯವಾಗಿ ಗ್ಯಾಸ್ಕೆಟ್ ತಾನಾಗಿ ಸುಡುವುದಿಲ್ಲ. ಎಂಜಿನ್ ಹೀಟ್ ಆದದ್ದಕ್ಕೆ ಅದು ಬಲಿಯಾಗುತ್ತದೆ. ಹೀಟ್ ಆದ ಕಾರಣ ಹಾಗೆಯೇ ಉಳಿದಿದ್ದರೆ ಹೊಸ ಗ್ಯಾಸ್ಕೆಟ್‌ಗೂ ಅದೇ ಗತಿ. ನಿಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಶಹಾಬಾದ್, ವಾಡಿ, ಸೇಡಂ ಸುತ್ತಲಿನ ನೆಲವೆಲ್ಲ ಸುಣ್ಣದಕಲ್ಲು, ಅಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಮನೆಗಳಿಗೆ ಫರಸಿ ಕಲ್ಲು ದೊರೆಯುವುದೂ ಅದರಿಂದಲೇ. ಆ ಕಲ್ಲಿನ ಪದರಗಳ ನಡುವಿನಿಂದ ಮೇಲೆ ಬರುವ ಬೋರ್‌ವೆಲ್ ನೀರು ಗಡಸು. ಗೀಜರಿನ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುವಂತೆಯೇ ಅದು ರೇಡಿಯೇಟರಿನ ಕೊಳವೆಗಳಲ್ಲಿಯೂ ಸಿಲಿಂಡರುಗಳ ಸುತ್ತಲಿನ ನೀರಿನ ದಾರಿಗಳಲ್ಲಿಯೂ ಸುಣ್ಣವನ್ನು ಬಿಡುತ್ತದೆ, ವರ್ಷ ಕಳೆದಂತೆ ಕೊಳವೆ ಕಿರಿದಾಗುತ್ತದೆ. ಮೂವತ್ತು ವರ್ಷ ಇಂಥ ನೀರನ್ನೇ ಕುಡಿದ ರೇಡಿಯೇಟರನ್ನು ಬಿಚ್ಚಿ, ಮೇಲಿನ ಟ್ಯಾಂಕು ತೆರೆದು, ಕೊಳವೆಗಳಲ್ಲಿ ಸರಳು ಹಾಯಿಸಿ ಸ್ವಚ್ಛ ಮಾಡಿಸದೆ ಕೇವಲ ಗ್ಯಾಸ್ಕೆಟ್ ಬದಲಿಸಿದ್ದರೆ ಕೆಲಸ ಅರ್ಧವೇ ಆಗಿದೆ ಎಂದು ತಿಳಿಯಿರಿ. ಮಾಡಿಸಿದ್ದಾರೋ ಇಲ್ಲವೋ ಎಂದು ಗ್ಯಾರೇಜಿನಲ್ಲಿ ನೇರವಾಗಿ ಕೇಳಿ. ನೀವೇ ನೋಡಬೇಕೆಂದರೆ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಟೆಂಪರೇಚರ್ ಗನ್ನನ್ನು (ಮುಟ್ಟದೆ ಬಿಸಿ ಅಳೆಯುವ ಉಪಕರಣ) ರೇಡಿಯೇಟರಿನ ಮೇಲೆ ಸಾಲುಸಾಲಾಗಿ ಹಾಯಿಸಿ: ಬಿಸಿ ಒಂದು ಬದಿಯಿಂದ ಇನ್ನೊಂದು ಬದಿಗೆ ಕ್ರಮವಾಗಿ ಇಳಿಯಬೇಕು. ನಡುವೆ ಎಲ್ಲಾದರೂ ಅಂಗೈಯಗಲದ ಜಾಗ ಮಾತ್ರ ತಣ್ಣಗಿದ್ದರೆ ಅಲ್ಲಿ ನೀರು ಹರಿಯುತ್ತಿಲ್ಲ. ಈ ಗನ್ ಹೊಳೆಯುವ ಲೋಹದ ಮೇಲೆ ತಪ್ಪು ತೋರಿಸುತ್ತದೆ. ಕಪ್ಪು ಬಣ್ಣದ ಭಾಗವನ್ನೋ ರಬ್ಬರ್ ಹೋಸನ್ನೋ ಗುರಿ ಮಾಡಿ.

ಇನ್ನು ಮುಂದೆ ಬೋರ್‌ವೆಲ್ ನೀರು ಹಾಕಬೇಡಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮತ್ತು ಒಳ್ಳೆಯ ಕೂಲೆಂಟನ್ನು ಅರ್ಧಕ್ಕರ್ಧ ಬೆರೆಸಿ ತುಂಬಿಸಿ. ಹಾಗೆಯೇ ರೇಡಿಯೇಟರ್ ಕ್ಯಾಪನ್ನು ಅಲಕ್ಷಿಸಬೇಡಿ. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವ ಕಲಬುರಗಿಯಲ್ಲಿ ಬರಿಯ ನೀರು 100 ಡಿಗ್ರಿಗೆ ಮುಂಚೆಯೇ ಕುದಿಯುತ್ತದೆ. 1 ಬಾರ್ ಒತ್ತಡವನ್ನು ಹಿಡಿದಿಡುವ ಕ್ಯಾಪ್ ಇದ್ದರೆ ಅದೇ ನೀರು ಸುಮಾರು 120ರವರೆಗೆ ಕುದಿಯದು. ರಬ್ಬರ್ ಒಣಗಿದ ಹಳೆಯ ಕ್ಯಾಪನ್ನು ಉಳಿಸಿ ನೀವು ಉಳಿತಾಯ ಮಾಡುವುದು ಏನೂ ಇಲ್ಲ.

ಈಗ ನೀರು ಇಳಿದ ವಿಚಾರ. ಹೆಡ್ ಇಳಿಸಿದಾಗ ನೀರೆಲ್ಲ ಖಾಲಿಯಾಗಿರುತ್ತದೆ. ಮತ್ತೆ ತುಂಬುವಾಗ ಮೂಲೆಗಳಲ್ಲಿ ಗಾಳಿ ಉಳಿಯುತ್ತದೆ, ಎಂಜಿನ್ ಬಿಸಿಯಾಗಿ ತಣಿದಂತೆಲ್ಲ ಆ ಗಾಳಿ ಹೊರಬಂದು ಮಟ್ಟ ಇಳಿಯುತ್ತದೆ. ಆದ್ದರಿಂದ ಮೊದಲೆರಡು ದಿನದ ಇಳಿತವನ್ನು ದೋಷವೆಂದು ನಾನು ಹೇಳುವುದಿಲ್ಲ. ಗಾಡಿಯ ಮೂತಿ ಸ್ವಲ್ಪ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ನಿಧಾನವಾಗಿ ನೀರು ಹಾಕುತ್ತ, ಮೇಲಿನ ಹೋಸನ್ನು ಕೈಯಿಂದ ಹಿಂಡುತ್ತ ತುಂಬಿದರೆ ಗಾಳಿ ಬೇಗ ಹೊರಡುತ್ತದೆ. ಆಮೇಲೆ ನಿಜವಾದ ಪರೀಕ್ಷೆ ಶುರುವಾಗುತ್ತದೆ, ಅದಕ್ಕೆ ಬೇಕಾದದ್ದು ಒಂದು ಮಾರ್ಕರ್ ಪೆನ್ನು ಮತ್ತು ತಾಳ್ಮೆ. ಪ್ರತಿದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಅದೇ ಸಮತಟ್ಟು ಜಾಗದಲ್ಲಿ ನಿಂತಿರುವಾಗ ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ. ಮೊದಲು ಇಳಿದು ಆಮೇಲೆ ಒಂದೇ ಗೆರೆಯಲ್ಲಿ ನಿಂತರೆ ಗಾಳಿಯಷ್ಟೇ ಹೋಗಿದೆ. ದಿನವೂ ಒಂದೇ ಪ್ರಮಾಣದಲ್ಲಿ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಕೆಳಗೆ ಹನಿ ಬೀಳದಿದ್ದರೆ ಒಳಗೇ ಸೋರುತ್ತಿರಬಹುದು.

ಅದೇ ಹೊತ್ತಿಗೆ ರೇಡಿಯೇಟರಿನ ಮೇಲಿನ ಹೋಸನ್ನು ಹಿಡಿದು ನೋಡಿ. ರಾತ್ರಿಯಿಡೀ ತಣ್ಣಗಾದ ಎಂಜಿನ್ನಿನಲ್ಲಿ ಅದು ಮೆತ್ತಗಿರಬೇಕು, ಒತ್ತಿದರೆ ಸಲೀಸಾಗಿ ಒಳಗೆ ಹೋಗಬೇಕು. ಬೆಳಗಿನ ಜಾವವೂ ಅದು ಗಾಳಿ ತುಂಬಿದ ಟ್ಯೂಬಿನಷ್ಟು ಗಡುಸಾಗಿದ್ದು, ಕ್ಯಾಪ್ ಸಡಿಲಿಸಿದ ಕೂಡಲೇ ಉಸ್ಸೆಂದು ಒತ್ತಡ ಬಿಟ್ಟರೆ, ಸಿಲಿಂಡರಿನ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತಿದೆ ಎಂದೇ ಅರ್ಥ. ಬಿಸಿಯಿಂದ ಹುಟ್ಟಿದ ಒತ್ತಡ ತಣ್ಣಗಾದಾಗ ಇಳಿಯುತ್ತದೆ, ಗ್ಯಾಸ್ ತುಂಬಿ ಹುಟ್ಟಿದ ಒತ್ತಡ ಇಳಿಯುವುದಿಲ್ಲ. ದುಬಾರಿ ಉಪಕರಣವಿಲ್ಲದೆ ಮನೆಯಂಗಳದಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ಹೆಚ್ಚು ನಂಬಿಕೆಯದು ನನಗೆ ಗೊತ್ತಿಲ್ಲ. ಬಿಸಿ ಎಂಜಿನ್ನಿನ ಕ್ಯಾಪನ್ನು ಮಾತ್ರ ಎಂದೂ ತೆರೆಯಬೇಡಿ.

ಸಂಶಯ ಬಂದರೆ ಮುಂದಿನ ಹೆಜ್ಜೆ ಗ್ಯಾರೇಜಿನದು. ಕೂಲಿಂಗ್ ಸಿಸ್ಟಮ್ ಪ್ರೆಶರ್ ಟೆಸ್ಟರ್ ಎಂಬ ಕೈಪಂಪನ್ನು ಕ್ಯಾಪಿನ ಜಾಗಕ್ಕೆ ಕೂರಿಸಿ, ಕ್ಯಾಪಿನ ಮೇಲೆ ಬರೆದಿರುವಷ್ಟೇ ಒತ್ತಡವನ್ನು ಕೊಟ್ಟು, ಹತ್ತು ಹದಿನೈದು ನಿಮಿಷ ಮುಳ್ಳು ಇಳಿಯುತ್ತದೆಯೇ ಎಂದು ನೋಡುತ್ತಾರೆ. ಅದಕ್ಕಿಂತ ಹೆಚ್ಚು ಪಂಪ್ ಮಾಡಿದರೆ ಹಳೆಯ ರೇಡಿಯೇಟರೇ ಬಿರಿಯಬಹುದು. ಇನ್ನೊಂದು ಪರೀಕ್ಷೆಯಲ್ಲಿ ರೇಡಿಯೇಟರಿನ ಬಾಯಿಂದ ಬರುವ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುತ್ತಾರೆ. ಅದರಲ್ಲಿ ಸಿಲಿಂಡರಿನ ಕಾರ್ಬನ್ ಡೈ ಆಕ್ಸೈಡ್ ಇದ್ದರೆ ದ್ರವದ ಬಣ್ಣ ಹಸಿರಿಗೋ ಹಳದಿಗೋ ತಿರುಗುತ್ತದೆ. ಸಿಲಿಂಡರಿನ ಕಂಪ್ರೆಶನ್ (ಪಿಸ್ಟನ್ ಗಾಳಿಯನ್ನು ಒತ್ತಿದಾಗ ಹುಟ್ಟುವ ಒತ್ತಡ) ನೋಡಬೇಕಾದರೆ ಡೀಸೆಲ್ ಎಂಜಿನ್ನಿನ ಗೇಜೇ ಬೇಕು, ಪೆಟ್ರೋಲ್ ಗಾಡಿಯದು ಸಾಲದು. ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸ 3 ಬಾರ್ ಮೀರಬಾರದು, ಯಾವುದೂ 15 ಬಾರ್‌ಗಿಂತ ಕೆಳಗಿಳಿಯಬಾರದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಜೊತೆಯಾಗಿ ಕಡಿಮೆ ತೋರಿಸಿದರೆ ಅವೆರಡರ ನಡುವೆ ಗ್ಯಾಸ್ಕೆಟ್ ಬಿಟ್ಟಿದೆಯೇ ಎಂದು ಮೊದಲು ನೋಡಬೇಕು.

ಬಿಳಿ ಹೊಗೆಯ ಬಗ್ಗೆ ಗಾಬರಿಯಾಗುವ ಮೊದಲು ಅದರ ವಾಸನೆ ನೋಡಿ. ಪೂರ್ತಿ ಉರಿಯದ ಡೀಸೆಲಿನ ಹೊಗೆ ಕಣ್ಣು ಉರಿಸುತ್ತದೆ, ಮೂಗಿಗೆ ಡೀಸೆಲೇ ಬಡಿಯುತ್ತದೆ, ಎಂಜಿನ್ ಒಂದೆರಡು ನಿಮಿಷ ಒಂದು ಸಿಲಿಂಡರ್ ಸತ್ತಂತೆ ನಡುಗಿ ಆಮೇಲೆ ಸರಿಹೋಗುತ್ತದೆ. ಇದಕ್ಕೆ ಬಹುಮಟ್ಟಿಗೆ ಒಂದು ಗ್ಲೋ ಪ್ಲಗ್ (ತಣ್ಣನೆಯ ಡೀಸೆಲ್ ಎಂಜಿನ್ ಸ್ಟಾರ್ಟ್ ಆಗಲು ಕಾಯುವ ಪ್ಲಗ್) ಕೆಟ್ಟಿರುವುದೋ, ಹೆಡ್ ಬಿಚ್ಚಿದಾಗ ಡೀಸೆಲ್ ಪೈಪುಗಳಲ್ಲಿ ಸೇರಿದ ಗಾಳಿಯನ್ನು ಪೂರ್ತಿ ತೆಗೆಯದಿರುವುದೋ, ಟ್ಯಾಪೆಟ್ ಸಂದು (ವಾಲ್ವ್ ತೆರೆಯುವ ಭಾಗಗಳ ನಡುವಿನ ಸಣ್ಣ ಅಂತರ) ತೀರ ಕಡಿಮೆಯಾಗಿರುವುದೋ ಕಾರಣ. ಕೂಲೆಂಟ್ ಸುಟ್ಟ ಹೊಗೆ ಬೇರೆ: ಅದಕ್ಕೆ ಸ್ವಲ್ಪ ಸಿಹಿ ವಾಸನೆ, ಕಣ್ಣಿಗೆ ಅಷ್ಟು ಉರಿಯಿಲ್ಲ, ಮತ್ತು ಎಂಜಿನ್ ಬಿಸಿಯಾದ ಮೇಲೂ ನಿಲ್ಲುವುದಿಲ್ಲ. ಈಗ ನಿಮ್ಮ ಗಾಡಿಯಲ್ಲಿ ಬರಿಯ ನೀರಿದ್ದರೆ ಸಿಹಿ ವಾಸನೆ ಬರುವುದಿಲ್ಲವಾದ್ದರಿಂದ, ಕೂಲೆಂಟ್ ತುಂಬಿಸಿದ ಮೇಲೆಯೇ ಈ ತೀರ್ಮಾನಕ್ಕೆ ಬನ್ನಿ. ಹೊಗೆ ಬೆಳಗಿನ ಮೊದಲ ನಿಮಿಷಗಳಲ್ಲಿ ಮಾತ್ರ ಬಂದು, ನೀರಿನ ಗೆರೆಯೂ ಕದಲದೆ ನಿಂತಿದ್ದರೆ ನಾನು ಗ್ಯಾಸ್ಕೆಟನ್ನು ದೂರುವುದಿಲ್ಲ, ಗ್ಲೋ ಪ್ಲಗ್‌ಗಳನ್ನು ಒಂದೊಂದಾಗಿ ಪರೀಕ್ಷಿಸುತ್ತೇನೆ.

ಎಂಜಿನ್ ಆಯಿಲಿನಲ್ಲಿ ನೀರು ಸೇರಿದರೆ ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಡೀಸೆಲ್ ಎಂಜಿನ್ನಿನ ಆಯಿಲ್ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುವುದರಿಂದ, ಸ್ವಲ್ಪವೇ ನೀರು ಸೇರಿದ್ದರೆ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಎರಡು ವಿಧಾನಗಳು ಉಪಯೋಗಕ್ಕೆ ಬರುತ್ತವೆ. ಡಿಪ್‌ಸ್ಟಿಕ್‌ನಿಂದ ಒಂದು ಹನಿಯನ್ನು ಚೆನ್ನಾಗಿ ಕಾದ ಚಮಚದ ಮೇಲೆ ಬಿಡಿ. ಶುದ್ಧ ಆಯಿಲ್ ಸದ್ದಿಲ್ಲದೆ ಹೊಗೆಯಾಡುತ್ತದೆ, ನೀರಿದ್ದರೆ ಚಟಪಟ ಸಿಡಿಯುತ್ತದೆ. ಎರಡನೆಯದು, ಗಾಡಿ ಒಂದು ರಾತ್ರಿ ಪೂರ್ತಿ ನಿಂತ ಮೇಲೆ ಸಂಪ್‌ನ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಯ) ಡ್ರೇನ್ ಬೋಲ್ಟನ್ನು ಬಿಚ್ಚದೆ, ಹನಿ ಬರುವಷ್ಟು ಮಾತ್ರ ಸಡಿಲಿಸುವುದು. ನೀರು ಆಯಿಲಿಗಿಂತ ಭಾರವಾದ್ದರಿಂದ ತಳದಲ್ಲಿ ಸೇರಿದ್ದರೆ ಅದೇ ಮೊದಲು ಇಳಿಯುತ್ತದೆ. ಏನೂ ಕಾಣದಿದ್ದರೂ ಈ ಮೊದಲ ಆಯಿಲನ್ನು ಹೆಚ್ಚು ಓಡಿಸಬೇಡಿ, 500 ಕಿಲೋಮೀಟರಿಗೆ ಫಿಲ್ಟರ್ ಸಮೇತ ಬದಲಿಸಿ. ಹಳೆಯ ಗ್ಯಾಸ್ಕೆಟನ್ನು ಕೆರೆದಾಗ ಬಿದ್ದ ಪುಡಿ, ಹೆಡ್ ಎತ್ತುವಾಗ ಒಳಗಿಳಿದ ನೀರು ಎಲ್ಲವೂ ಅದರಲ್ಲಿರುತ್ತವೆ. ಆಯಿಲ್ ಪ್ರೆಶರ್ ಮುಳ್ಳು ಬಿಸಿ ಎಂಜಿನ್ನಿನ ಐಡ್ಲಿಂಗ್‌ನಲ್ಲಿ 0.5 ಬಾರ್‌ಗಿಂತ ಕೆಳಗಿಳಿಯಬಾರದು, ವೇಗ ಹಿಡಿದಾಗ 3ಕ್ಕೆ ಏರಬೇಕು.

ಫೇಸಿಂಗ್ ಮಾಡಿಸಿದ್ದೀರಿ ಎಂದಿರುವುದರಿಂದ ಟ್ಯಾಪೆಟ್ ಮತ್ತು ಟೈಮಿಂಗ್ ಚೈನನ್ನು ನೀವೇ ಎದುರಿಗೆ ನಿಂತು ನೋಡಿಸಿಕೊಳ್ಳಿ. ಈ ಎಂಜಿನ್ನಿನಲ್ಲಿ ವಾಲ್ವ್‌ಗಳನ್ನು ತೆರೆಯುವ, ಚೈನ್ ತಿರುಗಿಸುವ ಕ್ಯಾಮ್‌ಶಾಫ್ಟ್ ಹೆಡ್ಡಿನ ಮೇಲೆಯೇ ಇರುವುದರಿಂದ ಹೆಡ್ ಇಳಿಸುವಾಗ ಚೈನ್ ಸಡಿಲಿಸಲೇಬೇಕು. ಮರಳಿ ಹಾಕುವಾಗ ಒಂದು ಹಲ್ಲು ತಪ್ಪಿದರೂ ಸ್ಟಾರ್ಟಿಂಗ್ ಕಷ್ಟವಾಗುತ್ತದೆ, ಇನ್ನೂ ಹೆಚ್ಚು ತಪ್ಪಿದರೆ ವಾಲ್ವ್ ಪಿಸ್ಟನ್ನಿಗೆ ತಾಗುತ್ತದೆ. ಕ್ರ್ಯಾಂಕ್ ಪುಲಿಯ ಗುರುತು ಸೊನ್ನೆಯಲ್ಲಿದ್ದು ಒಂದನೇ ಸಿಲಿಂಡರ್ ಕಂಪ್ರೆಶನ್‌ನಲ್ಲಿರುವಾಗ ಕ್ಯಾಮ್‌ಶಾಫ್ಟಿನ ಗುರುತು ಅದರ ಎದುರಿನ ಗೆರೆಗೆ ಕೂಡಬೇಕು. ಎಂಜಿನ್ನನ್ನು ಪುಲಿ ಬೋಲ್ಟಿನಿಂದ, ಅದು ಓಡುವ ದಿಕ್ಕಿನಲ್ಲಿಯೇ, ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುವುದನ್ನು ನೋಡಬೇಕು. ಕ್ಯಾಮ್‌ಶಾಫ್ಟಿನ ಬೋಲ್ಟಿಗೆ ಪಾನಾ ಹಾಕಿ ತಿರುಗಿಸಬಾರದು. ಟ್ಯಾಪೆಟ್ ಸಂದು ತಣ್ಣನೆಯ ಎಂಜಿನ್ನಿನಲ್ಲಿ ಇನ್‌ಲೆಟ್‌ಗೆ 0.10, ಎಕ್ಸಾಸ್ಟ್‌ಗೆ 0.30 ಮಿಲಿಮೀಟರ್. ಕ್ಯಾಮಿನ ಮೂಗು ರಾಕರಿನಿಂದ ದೂರ ಇರುವಾಗ ಫೀಲರ್ ಗೇಜಿನ (ಸಂದು ಅಳೆಯುವ ತೆಳು ಪಟ್ಟಿಗಳ) ಎಲೆ ಸ್ವಲ್ಪ ಹಿಡಿದುಕೊಂಡು ಜಾರಬೇಕು. ಟ್ಯಾಪೆಟ್ ಸದ್ದು ಮಾಡಬಾರದೆಂದು ಇದಕ್ಕಿಂತ ಬಿಗಿ ಮಾಡಿಸುವವರಿದ್ದಾರೆ. ಹಾಗೆ ಮಾಡಿದರೆ ಎಕ್ಸಾಸ್ಟ್ ವಾಲ್ವ್ ಪೂರ್ತಿ ಕೂರದೆ ಸುಡುತ್ತದೆ. ಸಣ್ಣ ಟಿಕ್ ಟಿಕ್ ಸದ್ದು ಈ ಎಂಜಿನ್ನಿಗೆ ಸಹಜ.

ಇದೆಲ್ಲ ಯಾವ ಟ್ರಾವೆಲರ್‌ಗಾದರೂ ಅನ್ವಯಿಸುವ ಮಾತು. ನಿಮ್ಮದು ಜನ ಮಲಗುವ ಗಾಡಿಯಾದ್ದರಿಂದ ಇನ್ನೆರಡು ಜಾಗಗಳನ್ನು ನಾನು ಗ್ಯಾಸ್ಕೆಟ್‌ನಷ್ಟೇ ಗಂಭೀರವಾಗಿ ನೋಡುತ್ತೇನೆ. ಒಂದು, ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಅದರ ಹೊಸ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ ಹೊಗೆ ಎಂಜಿನ್ ಕವರಿನ ಸಂದಿನಿಂದ ಒಳಕ್ಕೆ ಬರುತ್ತದೆ, ಅದರಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಇರುತ್ತದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆದ ಕೂಡಲೇ, ಲೋಹ ಬಿಸಿಯಾಗಿ ಹಿಗ್ಗುವ ಮೊದಲು, ಮ್ಯಾನಿಫೋಲ್ಡ್ ಸೇರುವ ಜಾಗಗಳ ಹತ್ತಿರ ಚಸ್ ಚಸ್ ಸದ್ದಿದೆಯೇ ಎಂದು ಆಲಿಸಿ, ಕೆಲವು ದಿನದ ನಂತರ ಅಲ್ಲಿ ಮಸಿಯ ಗೆರೆ ಮೂಡಿದೆಯೇ ಎಂದು ನೋಡಿ. ಮಲಗುವ ಜಾಗದಲ್ಲಿ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡಲೇಬೇಕೆಂಬುದು ನನ್ನ ಒತ್ತಾಯ; ಒಳಗೆ ಅಡುಗೆಯನ್ನೂ ಮಾಡುತ್ತೀರಲ್ಲ. ಎರಡನೆಯದು, ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳ ನಡುವೆ ಹಾಯುವ, ಉಳಿದ ಡೀಸೆಲನ್ನು ಮರಳಿಸುವ ಸಣ್ಣ ರಿಟರ್ನ್ ಪೈಪುಗಳು. ಹಳೆಯ ರಬ್ಬರನ್ನು ಒಮ್ಮೆ ಬಿಚ್ಚಿ ಹಾಕಿದರೆ ಅದು ಮೊದಲಿನಂತೆ ಹಿಡಿಯುವುದಿಲ್ಲ. ಸುತ್ತ ಕಾದ ಎಂಜಿನ್, ಒಳಗೆ ಪ್ಲೈವುಡ್, ಪರದೆ, ಗ್ಯಾಸ್ ಸಿಲಿಂಡರ್ ಇರುವ ಗಾಡಿಯಲ್ಲಿ ಡೀಸೆಲ್ ಹನಿಯುವುದನ್ನು ಸಣ್ಣದೆಂದು ಬಿಡಬಾರದು. ಈ ಪೈಪುಗಳನ್ನೆಲ್ಲ ಹೊಸದಾಗಿ ಹಾಕಿಸಿದರೂ ಖರ್ಚು ಹೆಚ್ಚಲ್ಲ.

ರಸ್ತೆಯ ಪರೀಕ್ಷೆಯನ್ನು ಹಂತಹಂತವಾಗಿ ಮಾಡಿ. ಮೊದಲು ಟ್ಯಾಂಕು ಖಾಲಿ ಇಟ್ಟು ಊರ ಸುತ್ತಲೇ ಓಡಿಸಿ, ಪೂರ್ತಿ ತಣಿಯಲು ಬಿಟ್ಟು, ಬೆಳಗಿನ ಗೆರೆ ನೋಡಿ. ಹೀಗೆ ಕೆಲವು ಸಲ ಎಂಜಿನ್ ಬಿಸಿಯಾಗಿ ತಣಿಯಬೇಕು. ಆಮೇಲೆ ಟ್ಯಾಂಕು ತುಂಬಿಸಿ, ಅಂದರೆ 100 ಕಿಲೋ ಭಾರ ಸೇರಿಸಿ, ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಮೇಲೆ ಬೀದರ್‌ಗೆ ಹೋಗಿ ಬನ್ನಿ. ಕಲಬುರಗಿಗಿಂತ ಬೀದರ್ ಸುಮಾರು 200 ಮೀಟರ್ ಎತ್ತರದಲ್ಲಿರುವುದರಿಂದ ಹೋಗುವಾಗ ಎಂಜಿನ್ನಿಗೆ ಸಾಕಷ್ಟು ದುಡಿಮೆ ಸಿಗುತ್ತದೆ, ಏನಾದರೂ ಆದರೆ ದಾರಿಯುದ್ದಕ್ಕೂ ಊರುಗಳಿವೆ. ಬೆಳಿಗ್ಗೆ ತಂಪಿನಲ್ಲಿ ಹೊರಟು ಮಧ್ಯಾಹ್ನದ ಬಿಸಿಲಿನಲ್ಲಿ ಮರಳಿದರೆ ಎರಡೂ ಸ್ಥಿತಿಗಳನ್ನು ನೋಡಿದಂತಾಗುತ್ತದೆ. ಮುಳ್ಳು 80ರಿಂದ 95ರ ನಡುವೆ ಇದ್ದು, ಏರಿನಲ್ಲಿ ಸ್ವಲ್ಪ ಮೇಲೆ ಹೋದರೂ ಸಮತಟ್ಟಿನಲ್ಲಿ ಇಳಿದು ಬರಬೇಕು. ಇಳಿಯದೆ ಏರುತ್ತಲೇ ಹೋದರೆ ಗಾಡಿ ನಿಲ್ಲಿಸಿ. ಆದರೆ ಎಂಜಿನ್ನನ್ನು ಕೂಡಲೇ ಬಂದ್ ಮಾಡಬೇಡಿ, ನೀರು ಹೊರಚೆಲ್ಲದಿದ್ದರೆ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ, ಫ್ಯಾನೂ ಪಂಪೂ ತಿರುಗುತ್ತಿರಲಿ. ಬಿಸಿ ಬ್ಲಾಕಿಗೆ ತಣ್ಣೀರು ಸುರಿಯಲೇಬೇಡಿ. ಬೀಡು ಕಬ್ಬಿಣದ ಹೆಡ್ ಬಿರುಕು ಬಿಡುವುದು ಹೆಚ್ಚಾಗಿ ಹಾಗೆಯೇ. ಮರಳಿದ ಮರುದಿನದ ಬೆಳಿಗ್ಗೆಯೂ ಗೆರೆ ಕದಲದೆ, ಹೋಸ್ ಮೆತ್ತಗಿದ್ದರೆ ಮನೆಮಂದಿಯನ್ನು ಕರೆದುಕೊಂಡು ನೀವು ದೂರ ಹೊರಡಬಹುದು.

ಕೊನೆಯದಾಗಿ ಹೆಡ್ ಬೋಲ್ಟಿನ ಪ್ರಶ್ನೆ. ಇಬ್ಬರು ಮಿಸ್ತ್ರಿಗಳೂ ತಾವು ಕಂಡ ಎಂಜಿನ್ನಿನ ಮಟ್ಟಿಗೆ ಸರಿಯಾಗಿಯೇ ಹೇಳಿರಬಹುದು, ಏಕೆಂದರೆ ಈ ವಿನ್ಯಾಸದ ಎಂಜಿನ್ನುಗಳಲ್ಲಿ ಎರಡು ಬಗೆಯ ಬೋಲ್ಟುಗಳು ಬಂದಿವೆ. ಬೋಲ್ಟಿನ ತಲೆಯಲ್ಲಿ ಆರು ಮೂಲೆಯ ಆಲನ್ ಕೀ ಕೂರುವ ಗುಳಿ ಇದ್ದರೆ ಅದು ಹಳೆಯ ಬಗೆ. ಗ್ಯಾಸ್ಕೆಟ್ ಬಿಸಿಗೆ ಕೂತು ತೆಳುವಾಗುವುದರಿಂದ ಇದನ್ನು 500ರಿಂದ 1000 ಕಿಲೋಮೀಟರಿನೊಳಗೆ ಮತ್ತೆ ಟೈಟ್ ಮಾಡಬೇಕು. ಗುಳಿಯಲ್ಲಿ ಹನ್ನೆರಡು ಹಲ್ಲುಗಳಿದ್ದರೆ ಅದು ಹಿಗ್ಗುವ ಬಗೆಯ ಬೋಲ್ಟು. ಅದನ್ನು ಡಿಗ್ರಿ ಲೆಕ್ಕದಲ್ಲಿ ತಿರುಗಿಸಿ ಬಿಗಿದಿರುತ್ತಾರೆ, ಮತ್ತೆ ಮುಟ್ಟಬಾರದು. ಟ್ಯಾಪೆಟ್ ಕವರ್ ತೆಗೆದು ನೋಡಿದರೆ ಯಾವುದೆಂದು ತಿಳಿಯುತ್ತದೆ. ಹಳೆಯ ಬಗೆಯದಾದರೆ, ಟಾರ್ಕ್ ಪಾನಾ (ಬಿಗಿಯ ಅಳತೆ ತೋರಿಸುವ ಪಾನಾ) ಇಲ್ಲದೆ ಕೈ ಅಂದಾಜಿನಲ್ಲಿ ಟೈಟ್ ಮಾಡಲು ಬಿಡಬೇಡಿ. ನಡುವಿನ ಬೋಲ್ಟಿನಿಂದ ಹೊರಗಿನವುಗಳ ಕಡೆಗೆ, ಒಂದು ಸಲಕ್ಕೆ ಒಂದನ್ನೇ ತುಸು ಸಡಿಲಿಸಿ, ಮ್ಯಾನ್ಯುಯಲ್‌ನಲ್ಲಿ ಬರೆದಿರುವ ಅಳತೆಗೆ ಬಿಗಿಯುತ್ತ ಹೋಗಬೇಕು. ಹಾಗೆ ಬಿಗಿದಾಗ ಹೆಡ್ ಕೂದಲೆಳೆಯಷ್ಟು ಕೆಳಗಿಳಿಯುವುದರಿಂದ, ಎಂಜಿನ್ ತಣಿದ ಮೇಲೆ ಟ್ಯಾಪೆಟ್ ಸಂದನ್ನು ಮತ್ತೊಮ್ಮೆ ಅಳೆಸಿ, ಕವರಿನ ಗ್ಯಾಸ್ಕೆಟನ್ನು ಹೊಸದಾಗಿ ಹಾಕಿ ಮುಚ್ಚಿಸಿ.